ಮ್ಯಾಟ್‌ಲ್ಯಾಬ್, ಪೈಥಾನ್ ಬಳಗದಲ್ಲಿ ಜೂಲಿಯಾ: ಪರಿಚಯಿಸಲು ಹೊರಟವರಿಗೆ ಒಂದು ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ನೀರು ಎಷ್ಟು ಮೀಟರ್ ಇದೆ ಎಂಬುದು ಮಂಗಳೂರಿನ ಮನೆಮನೆಯ ಮಾತಾಗುತ್ತದೆ. ಜೂಲಿಯಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಮೊದಲ ಬಾರಿಗೆ ಹತ್ತು ಜನರ ಮುಂದೆ ತೋರಿಸಲು ಹೊರಟಾಗ ನಾನು ಆರಿಸಿಕೊಂಡದ್ದೂ ಅದೇ ಲೆಕ್ಕವನ್ನು. ಇಂದಿನ ಸಂಗ್ರಹಕ್ಕೆ ನೇತ್ರಾವತಿಯ ಒಳಹರಿವನ್ನು ಕೂಡಿಸಬೇಕು, ನಗರದ ಬಳಕೆಯನ್ನೂ ಆವಿಯಾದದ್ದನ್ನೂ ಕಳೆಯಬೇಕು. ಉಳಿದದ್ದು ನಾಳೆಯ ಸಂಗ್ರಹ. ಅದು ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ, ತುಂಬಿದ ಮೇಲೆ ಹೆಚ್ಚಾದದ್ದು ಹೊರಗೆ ಹರಿದುಹೋಗುತ್ತದೆ. ಹೀಗೆ 365 ದಿನ ನಡೆಯಬೇಕು. ಮಳೆ ಹೇಗೆ ಬರುತ್ತದೆಂದು ಯಾರಿಗೂ ತಿಳಿಯದ ಕಾರಣ 10,000 ಕಲ್ಪಿತ ವರ್ಷಗಳನ್ನು ಓಡಿಸಿ ನೋಡಬೇಕು. ಒಟ್ಟು 36.5 ಲಕ್ಷ ಹೆಜ್ಜೆ. ಗೇಟು ಇಳಿಸುವ ದಿನ ಮತ್ತು ಬಳಕೆಯ ಪ್ರಮಾಣವನ್ನು ಬದಲಿಸಿ 200 ಬಗೆಯಲ್ಲಿ ನೋಡಿದರೆ 73 ಕೋಟಿ.

ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ, ಶನಿವಾರ ಮಧ್ಯಾಹ್ನ, ಈ ಲೆಕ್ಕವನ್ನು ಎಲ್ಲೆಡೆ ಬಳಕೆಯಲ್ಲಿರುವ ಪೈಥಾನ್ ಭಾಷೆಯಲ್ಲೂ ಜೂಲಿಯಾದಲ್ಲೂ ಓಡಿಸಿದೆ. ಪೈಥಾನ್ ತೆವಳಿತು, ಜೂಲಿಯಾ ಹಾರಿತು. ಹಿಂದಿನ ಬೆಂಚಿನಲ್ಲಿದ್ದ ಅಧ್ಯಾಪಕರೊಬ್ಬರು ಎದ್ದು ಬಂದು, "ಒಮ್ಮೆ ಕೀಬೋರ್ಡ್ ಕೊಡಿ ಮಾರಾಯರೇ" ಎಂದರು. ಹತ್ತು ಸಾವಿರ ವರ್ಷಗಳನ್ನು ನಂಪೈ ಎಂಬ ಪೈಥಾನ್ ಲೈಬ್ರರಿಯ ಅರೇ (ಸಂಖ್ಯೆಗಳ ಪಟ್ಟಿ) ಒಂದರಲ್ಲಿ ಅಕ್ಕಪಕ್ಕ ನಿಲ್ಲಿಸಿದರು. ದಿನಗಳ ಮೇಲೆ ಮಾತ್ರ ಲೂಪ್ (ಒಂದೊಂದಾಗಿ ಮರಳಿ ಮರಳಿ ನಡೆಯುವ ಸುತ್ತು) ಇಟ್ಟು, ಪ್ರತಿ ದಿನವೂ ಎಲ್ಲ ವರ್ಷಗಳ ಲೆಕ್ಕ ಒಂದೇ ಏಟಿಗೆ ಆಗುವಂತೆ ಬರೆದರು. ಹತ್ತು ನಿಮಿಷ ಹಿಡಿಯಿತು. ನಾನು ಹೆಮ್ಮೆಯಿಂದ ತೋರಿಸಿದ್ದ ಅಂತರದ ಬಹುಪಾಲು ಕರಗಿಹೋಯಿತು. "ನಮ್ಮ ಭಾಷೆಯಲ್ಲಿ ಹೀಗೆ ಬರೆಯುವುದು ವಾಡಿಕೆ ಸರ್. ನೀವು ಬರೆದದ್ದು ಹೊಸಬರು ಬರೆಯುವ ರೀತಿ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆ ದಿನ ಯಾರೂ ಜೂಲಿಯಾ ಇನ್‌ಸ್ಟಾಲ್ ಮಾಡಿಕೊಳ್ಳಲಿಲ್ಲ, ಮಾಡಿಕೊಳ್ಳಬೇಕಾದ ಕಾರಣವೂ ಅವರಿಗಿರಲಿಲ್ಲ.

ಆ ಶನಿವಾರದಿಂದೀಚೆಗೆ ಸುರತ್ಕಲ್‌ನಿಂದ ಮಣಿಪಾಲದವರೆಗೆ ಹಲವು ಕಡೆ ಇದೇ ಕೆಲಸ ಮಾಡಿದ್ದೇನೆ. ಹೆಚ್ಚು ಬಳಕೆಯಲ್ಲಿಲ್ಲದ ಒಂದು ಸಾಧನವನ್ನು, ಬೇರೆ ಸಾಧನದಲ್ಲಿ ಪಳಗಿದವರ ಮುಂದೆ ಇಡಬೇಕೆಂದಿರುವವರಿಗೆ ನಾನು ಅನುಸರಿಸುವ ಕ್ರಮ ಇಲ್ಲಿದೆ. ನನ್ನ ಉದಾಹರಣೆ ಜೂಲಿಯಾ. ನಿಮ್ಮದು ಬೇರೆ ಇದ್ದರೂ ಬಹಳಷ್ಟು ಹೊಂದುತ್ತದೆ.

1. ಎದುರು ಪಕ್ಷವನ್ನು ನೀವೇ ಮಂಡಿಸಿ

ಮಳೆಗಾಲದ ತಾಳಮದ್ದಳೆ ಕೂಟಗಳಿಗೆ ಹೋದವರು ಗಮನಿಸಿರುತ್ತೀರಿ. ಕೃಷ್ಣನ ಪಾತ್ರ ವಹಿಸಿದ ಒಳ್ಳೆಯ ಅರ್ಥಧಾರಿಗೆ ಕರ್ಣನ ಮಾತೂ ಕರಗತವಾಗಿರುತ್ತದೆ. ಎದುರಿನವನ ವಾದದ ಬಲ ತಿಳಿಯದೆ ಕುಳಿತವನ ಮಾತು ಅರ್ಧ ಗಂಟೆಯಲ್ಲಿ ಸೊರಗುತ್ತದೆ. ಉಡುಪಿಯ ಮಠಗಳಲ್ಲಿ ಶಾಸ್ತ್ರ ಓದಿದವರು ಇದನ್ನೇ ಪೂರ್ವಪಕ್ಷ ಎನ್ನುತ್ತಾರೆ: ಸಿದ್ಧಾಂತಕ್ಕೆ ಮೊದಲು ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಹೇಳಬೇಕು.

ನಮ್ಮ ಕೆಲಸದಲ್ಲಿ ಇದರ ಅರ್ಥ ಸರಳ. ಎಂಜಿನಿಯರಿಂಗ್ ಲೆಕ್ಕಗಳ ತಂತ್ರಾಂಶವಾದ ಮ್ಯಾಟ್‌ಲ್ಯಾಬ್ ಬಳಸುವವರ ಬಳಿಗೆ ಹೋಗುವ ಮೊದಲು, ಅದರ ಜೊತೆಗಿನ ಸಿಮ್ಯುಲಿಂಕ್ (ಚಿತ್ರದ ಬ್ಲಾಕುಗಳನ್ನು ಜೋಡಿಸಿ ವ್ಯವಸ್ಥೆಯೊಂದನ್ನು ಓಡಿಸಿ ನೋಡುವ ಸಾಧನ) ಏನು ಮಾಡುತ್ತದೆ ಎಂದು ನೋಡಿ ಬನ್ನಿ. ಅವನ್ನು ತಯಾರಿಸುವ ಮ್ಯಾಥ್‌ವರ್ಕ್ಸ್ ಕಂಪನಿ 1984ರಿಂದ ಬೆಳೆಸಿದ ಆ ಟೂಲ್‌ಬಾಕ್ಸ್‌ಗಳ, ವಿವರಣೆ ಪುಟಗಳ ಅಚ್ಚುಕಟ್ಟನ್ನು ಮನಸಾರೆ ಒಪ್ಪಿಕೊಳ್ಳಿ. ಕಂಟ್ರೋಲ್ ಸಿಸ್ಟಂ ಕಲಿಸುವ ಅಧ್ಯಾಪಕರಿಗೆ ಸಿಮ್ಯುಲಿಂಕ್ ಬಿಡಿ ಎಂದು ಹೇಳುವುದು ಅಡುಗೆಯವರಿಗೆ ಒಲೆ ಬಿಡಿ ಎಂದಂತೆ. ಪೈಥಾನ್ 1991ರಿಂದ ಇದೆ; ಅದರಲ್ಲಿ ಸಿಗದ ಲೈಬ್ರರಿ ಇಲ್ಲವೆಂದೇ ಹೇಳಬಹುದು, ಕೆಲಸ ಕೊಡುವವರೂ ಅದನ್ನೇ ಕೇಳುತ್ತಾರೆ. ಲೂಪ್ ನಿಧಾನವಾದರೆ ನಂಬಾ ಎಂಬ ಪ್ಯಾಕೇಜ್ ಒಂದೇ ಸಾಲಿನ ಸೇರ್ಪಡೆಯಿಂದ ಎಷ್ಟೋ ಸಂದರ್ಭಗಳಲ್ಲಿ ಅದನ್ನು ಚುರುಕುಗೊಳಿಸುತ್ತದೆ. ಲೈಸೆನ್ಸಿನ ಹಣವೊಂದೇ ತೊಂದರೆಯಾಗಿರುವ ಮ್ಯಾಟ್‌ಲ್ಯಾಬ್ ಬಳಕೆದಾರರಿಗೆ, ಬಹುಮಟ್ಟಿಗೆ ಅದೇ ಭಾಷೆಯಲ್ಲಿ ನಡೆಯುವ ಮುಕ್ತ ತಂತ್ರಾಂಶ ಗ್ನೂ ಆಕ್ಟೇವ್ ಸಾಕಾಗಬಹುದು. ಸಾಕಾಗುವುದಾದರೆ ಹಾಗೆಂದು ಹೇಳಿಬಿಡಿ. ಅಂದು ನೀವು ಒಬ್ಬ ಬಳಕೆದಾರನನ್ನು ಕಳೆದುಕೊಂಡರೂ, ಮುಂದೆ ಅವರು ನಿಮ್ಮ ಮಾತನ್ನು ನಂಬಿ ಕೇಳುತ್ತಾರೆ.

ಹೋಲಿಕೆ ತೋರಿಸುವುದಿದ್ದರೆ ಎದುರಿನ ಸಾಧನದ ಪ್ರೋಗ್ರಾಂ ಅನ್ನು ನೀವೊಬ್ಬರೇ ಬರೆಯಬೇಡಿ. ಆ ಸಾಧನದಲ್ಲಿ ನುರಿತ ಒಬ್ಬರಿಗೆ ಒಂದು ವಾರ ಮೊದಲೇ ಕೊಟ್ಟು, "ಇದನ್ನು ನಿಮ್ಮ ಕೈಲಾದಷ್ಟು ಚೆನ್ನಾಗಿ ಮಾಡಿಕೊಡಿ" ಎಂದು ಕೇಳಿ. ನಾನು ಕೇಳಲಿಲ್ಲ, ಅವರು ಸಭೆಯಲ್ಲೇ ಮಾಡಿ ತೋರಿಸಿದರು.

ಅಳತೆಯಲ್ಲೂ ನ್ಯಾಯ ಬೇಕು. ಜೂಲಿಯಾ ಒಂದು ಫಂಕ್ಷನ್ ಅನ್ನು (ಹೆಸರಿಟ್ಟು ಬರೆದ ಲೆಕ್ಕದ ತುಂಡನ್ನು) ಮೊದಲ ಸಲ ಕರೆದಾಗ ಕಂಪೈಲ್ ಮಾಡುತ್ತದೆ, ಅಂದರೆ ಯಂತ್ರದ ಭಾಷೆಗೆ ತಿರುಗಿಸುತ್ತದೆ; ಆ ಸಮಯ ಬೇರೆ, ಓಡುವ ಸಮಯ ಬೇರೆ. ಎರಡನ್ನೂ ತೋರಿಸಿ. ನಂಪೈ ಸಾಮಾನ್ಯವಾಗಿ ಅರೇಯನ್ನು ಅಡ್ಡಸಾಲಿನ ಕ್ರಮದಲ್ಲಿ ಇಡುತ್ತದೆ, ಜೂಲಿಯಾ ಮತ್ತು ಮ್ಯಾಟ್‌ಲ್ಯಾಬ್ ಕಂಬಸಾಲಿನ ಕ್ರಮದಲ್ಲಿ. ಒಂದಕ್ಕೆ ಅನುಕೂಲವಾದ ಲೂಪ್ ಕ್ರಮವನ್ನು ಹಾಗೆಯೇ ಇನ್ನೊಂದಕ್ಕೆ ಇಳಿಸಿದರೆ ಅದು ಮೋಸದ ಓಟವಾಗುತ್ತದೆ.

2. ನಿಮ್ಮ ಸಾಧನ ಯಾವ ನೋವಿಗೆ ಮದ್ದು ಎಂದು ಒಂದೇ ಮಾತಿನಲ್ಲಿ ಹೇಳಿಕೊಳ್ಳಿ

ವೇಗ ಎನ್ನುವುದು ಉತ್ತರವಲ್ಲ ಎಂದು ಆ ಅಧ್ಯಾಪಕರು ನನಗೆ ಕಲಿಸಿದ್ದರು. ನಿಜವಾದ ಉತ್ತರ ಸಿಕ್ಕಿದ್ದೂ ಅವರಿಂದಲೇ. ಕೆಲವು ತಿಂಗಳ ಬಳಿಕ ಫೋನ್ ಮಾಡಿ, ತುಂಬೆಯ ಲೆಕ್ಕವನ್ನು ವಿದ್ಯಾರ್ಥಿಗಳ ಯೋಜನೆಗಾಗಿ ಮುಂದುವರಿಸುತ್ತಿದ್ದೇನೆ ಎಂದರು. ಈಗ ನಿಯಮ ಬೆಳೆದಿತ್ತು: ಮಟ್ಟ ಇಂತಿಷ್ಟಕ್ಕಿಂತ ಇಳಿದರೆ ದಿನ ಬಿಟ್ಟು ದಿನ ನೀರು, ಇನ್ನೂ ಇಳಿದರೆ ಕೈಗಾರಿಕೆಗಳಿಗೆ ಕಡಿತ, ಸತತ ಎರಡು ದಿನ ಒಳ್ಳೆಯ ಒಳಹರಿವು ಬಂದರೆ ಮತ್ತೆ ನಿತ್ಯದ ಪೂರೈಕೆ. ಹತ್ತು ಸಾವಿರ ವರ್ಷಗಳಲ್ಲಿ ಒಂದೊಂದು ವರ್ಷವೂ ಒಂದೊಂದು ಸ್ಥಿತಿಯಲ್ಲಿ ಇರುತ್ತದೆ. ನಂಪೈಯಲ್ಲಿ ಇದನ್ನು ಒಟ್ಟಾಗಿ ನಡೆಸಲು ಹೌದು-ಅಲ್ಲಗಳ ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸುತ್ತ ಹೋಗಬೇಕು. ಅವರು ಅದನ್ನೂ ಬರೆದಿದ್ದರು, ಅದು ಸರಿಯಾಗಿಯೂ ಓಡುತ್ತಿತ್ತು. "ಆದರೆ ಇದನ್ನು ಓದಿ ನೀರು ಬಿಡುವ ನಿಯಮ ಏನೆಂದು ನನ್ನ ವಿದ್ಯಾರ್ಥಿಗೆ ಹೇಳಲಾಗುವುದಿಲ್ಲ" ಎಂದರು.

ಜೂಲಿಯಾದಲ್ಲಿ ಆ ನಿಯಮವನ್ನು ಬಾಯಲ್ಲಿ ಹೇಳಿದ ಹಾಗೆಯೇ, "ಹೀಗಾದರೆ ಹೀಗೆ" ಎಂಬ ಸಾದಾ ಸಾಲುಗಳಲ್ಲಿ, ಒಂದು ವರ್ಷಕ್ಕೆ ಒಂದು ಲೂಪ್ ಇಟ್ಟು ಬರೆದೆವು. ಬರೆದದ್ದನ್ನು ಓದಬಹುದಿತ್ತು, ವೇಗವೂ ಕುಂದಲಿಲ್ಲ. ವೇಗಕ್ಕಾಗಿ ಬರವಣಿಗೆಯನ್ನು ತಿರುಚಬೇಕಿಲ್ಲ ಎಂಬುದೇ ಜೂಲಿಯಾದಿಂದ ನನಗೆ ಸಿಕ್ಕ ಅತಿ ದೊಡ್ಡ ಲಾಭ. ಜೆಫ್ ಬೆಜಾನ್ಸನ್, ಸ್ಟೀಫನ್ ಕಾರ್ಪಿನ್‌ಸ್ಕಿ, ವೈರಲ್ ಶಾ, ಅಲನ್ ಎಡೆಲ್‌ಮನ್ ಎಂಬ ನಾಲ್ವರು 2012ರ ಫೆಬ್ರವರಿಯಲ್ಲಿ ಇದನ್ನು ಲೋಕದ ಮುಂದಿಟ್ಟಾಗ ಅವರ ಮುಂದಿದ್ದ ಗುರಿಯೂ ಇದೇ: ಮೊದಲು ಸುಲಭದ ಭಾಷೆಯಲ್ಲಿ ಬರೆದು, ಆಮೇಲೆ ವೇಗಕ್ಕಾಗಿ ಸಿ ಭಾಷೆಯಲ್ಲಿ ಮತ್ತೊಮ್ಮೆ ಬರೆಯುವ ಎರಡು ಪಟ್ಟು ದುಡಿಮೆಯನ್ನು ತಪ್ಪಿಸುವುದು.

ನಿಮ್ಮ ಸಾಧನಕ್ಕೂ ಇಂಥ ಒಂದು ಮಾತು ಬೇಕು. ಅದು ಸಿಗುವವರೆಗೆ ಯಾರನ್ನೂ ಕರೆಯಬೇಡಿ.

3. ಒಂದೊಂದು ಬಳಗಕ್ಕೆ ಒಂದೊಂದು ಬಾಗಿಲು

ಮ್ಯಾಟ್‌ಲ್ಯಾಬ್‌ನಿಂದ ಬರುವವರಿಗೆ ಜೂಲಿಯಾ ನೆರೆಮನೆಯಂತೆ. ಎಣಿಕೆ ಒಂದರಿಂದಲೇ ಶುರು, ಬ್ಲಾಕ್ ಮುಗಿಯುವುದು ಎಂಡ್ ಎಂಬ ಪದದಿಂದಲೇ, ಅರೇಯ ಒಂದೊಂದು ಅಂಶಕ್ಕೂ ಪ್ರತ್ಯೇಕ ಲೆಕ್ಕ ನಡೆಸಲು ಅದೇ ಚುಕ್ಕಿ. ಮ್ಯಾಟ್‌ಲ್ಯಾಬ್ ತನ್ನ ಅಂಕಿಗಳನ್ನು ಉಳಿಸಿಡುವ ಹಳೆಯ ಮ್ಯಾಟ್ ಫೈಲುಗಳನ್ನು ಓದುವ ಪ್ಯಾಕೇಜ್ ಇದೆ, ಮೊದಲು ಅದನ್ನು ತೋರಿಸಿ. ವರ್ಷಗಟ್ಟಲೆ ಕೂಡಿಟ್ಟ ಅಳತೆಗಳು ವ್ಯರ್ಥವಾಗುವುದಿಲ್ಲ ಎಂಬ ಧೈರ್ಯ ಬಂದ ಮೇಲೆಯೇ ಜನ ಉಳಿದದ್ದನ್ನು ಕೇಳುತ್ತಾರೆ. ಜೊತೆಗೆ ಒಂದು ಹೊಂಡವನ್ನು ತಪ್ಪದೆ ತೋರಿಸಿ. ಮ್ಯಾಟ್‌ಲ್ಯಾಬ್‌ನಲ್ಲಿ ಒಂದು ಅರೇಯನ್ನು ಇನ್ನೊಂದು ಹೆಸರಿಗೆ ಕೊಟ್ಟು ಎರಡನೆಯದನ್ನು ತಿದ್ದಿದರೆ ಮೊದಲನೆಯದು ಹಾಗೆಯೇ ಇರುತ್ತದೆ. ಜೂಲಿಯಾದಲ್ಲಿ ಎರಡೂ ಒಂದೇ ಅರೇಯ ಎರಡು ಹೆಸರುಗಳು. ಒಂದರ ಮೂಲಕ ತಿದ್ದಿದ್ದು ಇನ್ನೊಂದರಲ್ಲೂ ಕಾಣುತ್ತದೆ. ಇದನ್ನು ಹೇಳದೆ ಕಳುಹಿಸಿದರೆ ಅವರು ತಪ್ಪು ಉತ್ತರ ಪಡೆಯುತ್ತಾರೆ, ಅದು ತಪ್ಪೆಂದು ಗೊತ್ತೂ ಆಗುವುದಿಲ್ಲ.

ಲೈಸೆನ್ಸಿನ ಮಾತನ್ನು ವಿದ್ಯಾರ್ಥಿಗಳ ಬಳಿ ಆಡಬಹುದು. ಕಾಲೇಜು ಕೊಡಿಸಿದ ಲೈಸೆನ್ಸ್ ಪದವಿ ಮುಗಿದ ಮೇಲೆ ಸಾಮಾನ್ಯವಾಗಿ ಕೈಯಲ್ಲಿ ಉಳಿಯುವುದಿಲ್ಲ. ಜೂಲಿಯಾ ಮುಕ್ತ ತಂತ್ರಾಂಶ, ಮನೆಯ ಲ್ಯಾಪ್‌ಟಾಪಿನಲ್ಲೂ ಉಳಿಯುತ್ತದೆ.

ಪೈಥಾನ್ ಬಳಗದವರ ಮುಂದೆ ಈ ಮಾತು ನಡೆಯದು, ಅವರದೂ ಮುಕ್ತವೇ. ಅವರಲ್ಲಿ ಎಲ್ಲರನ್ನೂ ಒಪ್ಪಿಸಲು ಹೋಗಬೇಡಿ. ವೆಬ್‌ಸೈಟ್ ಕಟ್ಟುವವರು, ಸಿದ್ಧ ಮಾದರಿಗಳನ್ನು ತಂದು ಬಳಸುವವರು ಪೈಥಾನ್‌ನಲ್ಲಿಯೇ ಸುಖವಾಗಿದ್ದಾರೆ. ಹಿಂದಿನ ದಿನದ ಉತ್ತರದ ಮೇಲೆ ಮರುದಿನದ ಲೆಕ್ಕ ನಿಂತಿರುವವರನ್ನು, ಡಿಫರೆನ್ಷಿಯಲ್ ಸಮೀಕರಣಗಳನ್ನು ಬಿಡಿಸುವವರನ್ನು ಹುಡುಕಿ. ನಮ್ಮ ಕರಾವಳಿಯಲ್ಲಿ ಇಂಥವರಿಗೆ ಕೊರತೆಯಿಲ್ಲ: ನೇತ್ರಾವತಿ ಮತ್ತು ಫಲ್ಗುಣಿ ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ ಹೂಳು ತುಂಬುವ ಲೆಕ್ಕ, ಭರತ ಇಳಿತದ ಲೆಕ್ಕ, ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಉಡುಪಿಗೆ ಬೇಸಿಗೆಯಲ್ಲಿ ಎಷ್ಟು ದಿನ ನೀರು ಎಂಬ ಲೆಕ್ಕ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್‌ಗೆ ಒಂದು ವಿಭಾಗವೇ ಇದೆ. ಇಂಥವರಿಗೂ ಪೈಥಾನ್ ಬಿಡಿ ಎನ್ನಬೇಡಿ. ಜೂಲಿಯಾಕಾಲ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಪೈಥಾನ್ ಪ್ರೋಗ್ರಾಂ ಒಳಗಿನಿಂದಲೇ ಜೂಲಿಯಾ ಫಂಕ್ಷನ್ ಒಂದನ್ನು ಕರೆಯಬಹುದು. ಹೆಣಗಾಡಿಸುತ್ತಿರುವ ಆ ನಲವತ್ತು ಸಾಲು ಮಾತ್ರ ಬದಲಾಗಲಿ, ಚಿತ್ರ ಬಿಡಿಸುವ, ಫೈಲ್ ಓದುವ ಭಾಗವೆಲ್ಲ ಇದ್ದಲ್ಲೇ ಇರಲಿ.

ನಾನು ನಿರೀಕ್ಷಿಸದೆ ಸಿಕ್ಕ ಒಳ್ಳೆಯ ಕೇಳುಗರು ಫೋರ್ಟ್ರಾನ್ ಬಲ್ಲ ಹಿರಿಯರು. 1957ರಿಂದ ಬಂದ ಆ ಭಾಷೆಯಲ್ಲಿ ಲೂಪ್ ಬರೆಯುವುದು ತಪ್ಪೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಜೂಲಿಯಾದ ಲೂಪ್ ನೋಡಿ ಅವರ ಮುಖ ಅರಳುತ್ತದೆ. ಅಂಕಿ-ಅಂಶ ಶಾಸ್ತ್ರದವರು ಆರ್ ಭಾಷೆಯಲ್ಲಿ ನೆಮ್ಮದಿಯಿಂದಿದ್ದರೆ ಅವರ ಪಾಡಿಗೆ ಬಿಡಿ.

4. ಯಂತ್ರಗಳನ್ನು ಹಿಂದಿನ ದಿನವೇ ಸಿದ್ಧಪಡಿಸಿ

ಈ ಹೆಜ್ಜೆಯನ್ನು ಬಿಟ್ಟವರ ಸಭೆ ಇನ್‌ಸ್ಟಾಲ್ ಮಾಡುವುದರಲ್ಲೇ ಮುಗಿಯುತ್ತದೆ. ಜೂಲಿಯಪ್ ಎಂಬ ಸಣ್ಣ ತಂತ್ರಾಂಶದ ಮೂಲಕ ಜೂಲಿಯಾ ಹಾಕಿಕೊಳ್ಳುವುದು ಸುಲಭ. ಕಷ್ಟ ಇರುವುದು ಪ್ಯಾಕೇಜುಗಳಲ್ಲಿ. ಅವು ಅಂತರ್ಜಾಲದಿಂದ ಇಳಿಯಬೇಕು, ಇಳಿದ ಮೇಲೆ ಪ್ರತಿ ಯಂತ್ರದಲ್ಲೂ ಕಂಪೈಲ್ ಆಗಬೇಕು. ಮೂವತ್ತು ಕಂಪ್ಯೂಟರ್ ಒಟ್ಟಿಗೆ ಇಳಿಸಲು ಹೊರಟರೆ ಕಾಲೇಜಿನ ಸಂಪರ್ಕ ಮುಗ್ಗರಿಸುತ್ತದೆ. ಒಂದು ಯಂತ್ರದಲ್ಲಿ ಎಲ್ಲವನ್ನೂ ಇಳಿಸಿಕೊಂಡು, ಜೂಲಿಯಾ ತನ್ನ ಪ್ಯಾಕೇಜುಗಳನ್ನು ಇಡುವ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದೇ ಬಗೆಯ ಇತರ ಯಂತ್ರಗಳಿಗೆ ಹಾಕಿ. ಪ್ರತಿಯೊಂದರಲ್ಲೂ ಪ್ರೋಗ್ರಾಂ ಅನ್ನು ಒಮ್ಮೆ ಓಡಿಸಿ ನೋಡಿ. ಆಷಾಢದಲ್ಲಿ ಸಭೆ ಇಟ್ಟರೆ ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದು, ಚಾರ್ಜ್ ಆದ ಎರಡು ಲ್ಯಾಪ್‌ಟಾಪ್ ಜೊತೆಗಿರಲಿ.

ಹಳೆಯ ಆವೃತ್ತಿ ಬೇಡ. ಮೊದಲ ಚಿತ್ರ ಪರದೆಯ ಮೇಲೆ ಬರಲು ಕಾಯಿಸುತ್ತಿದ್ದುದು ಜೂಲಿಯಾದ ಮೇಲಿನ ಹಳೆಯ ದೂರು. 2023ರ ಮೇ ತಿಂಗಳಲ್ಲಿ ಬಂದ 1.9 ಆವೃತ್ತಿಯಿಂದ, ಪ್ಯಾಕೇಜುಗಳ ಕಂಪೈಲ್ ಆದ ರೂಪ ಉಳಿದುಕೊಳ್ಳುವ ಕಾರಣ, ಆ ಕಾಯುವಿಕೆ ಬಹಳ ಇಳಿದಿದೆ. ಪೂರ್ತಿ ಹೋಗಿಲ್ಲ.

5. ಸಭೆ

ಎಂಟು-ಹತ್ತು ಜನ ಸಾಕು. ಒಂದೂವರೆ ಗಂಟೆ ಸಾಕು. ಉಡುಪಿ ಕಡೆಯಿಂದ ಬಸ್ಸಿನಲ್ಲಿ ಬಂದವರು ಕತ್ತಲಾಗುವ ಮೊದಲು ಹಿಂತಿರುಗುವಂತಿರಲಿ. ಬನ್ಸ್, ಚಹಾ ಇದ್ದರೆ ಮೊದಲೇ ಕೊಡಿ. ಪ್ರಶ್ನೆಗಳು ಆಗಲೇ ಹುಟ್ಟುತ್ತವೆ.

ಬರುವವರಲ್ಲಿ ಒಬ್ಬರಾದರೂ ತಮ್ಮದೇ ಪ್ರೋಗ್ರಾಂ ತರುವಂತೆ ಮೊದಲೇ ಒಪ್ಪಿಸಿ. ನೀವು ಸಿದ್ಧಪಡಿಸಿದ ಉದಾಹರಣೆ ಹದಿನೈದು ನಿಮಿಷದೊಳಗೆ ಮುಗಿಯಲಿ, ಉಳಿದ ಹೊತ್ತೆಲ್ಲ ಅವರ ಪ್ರೋಗ್ರಾಂಗೆ. ನೀವು ಎಡವುವುದನ್ನೂ ದೋಷ ಹುಡುಕುವುದನ್ನೂ ಅವರು ನೋಡಲಿ. ಕೀಬೋರ್ಡ್ ಅವರ ಕೈಯಲ್ಲಿರಲಿ. ಹೊಸಬರು ಬರೆದ ಜೂಲಿಯಾ ನಿಧಾನವಾಗಿ ಓಡಿದರೆ ಹತ್ತರಲ್ಲಿ ಎಂಟು ಸಲ ಒಂದೇ ಕಾರಣ ಕಂಡಿದ್ದೇನೆ: ಲೆಕ್ಕವನ್ನು ಫಂಕ್ಷನ್ ಒಳಗೆ ಬರೆಯದೆ ಹೊರಗೆ ಬಯಲಿನಲ್ಲಿ ಬರೆದಿರುತ್ತಾರೆ. ಇದನ್ನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ.

ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು ಎಂಬುದನ್ನು ಇಲ್ಲಿ ತೋರಿಸುತ್ತೇನೆ:

ನಾಳೆ = ಇಂದು + ಒಳಹರಿವು - ಬಳಕೆ

ಇದು ಜೂಲಿಯಾ ಹಾಗೆಯೇ ಒಪ್ಪುವ ಸಾಲು. ಪೈಥಾನ್ ಮೂರನೆಯ ಆವೃತ್ತಿಯೂ ಒಪ್ಪುತ್ತದೆ, ಆದ್ದರಿಂದ ಇದನ್ನು ಜೂಲಿಯಾದ ಹೆಚ್ಚುಗಾರಿಕೆ ಎಂದು ಹೇಳಬೇಡಿ. ಆದರೂ ತೋರಿಸಿ. ತುಳು, ಕೊಂಕಣಿ, ಬ್ಯಾರಿ ಮಾತಾಡುತ್ತ, ಕನ್ನಡದಲ್ಲಿ ಶಾಲೆ ಕಲಿತು, ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಹುಡುಗರು ಆ ಸಾಲನ್ನು ನೋಡಿ ಒಂದು ಕ್ಷಣ ಸುಮ್ಮನಾಗುವುದನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ, ಪ್ರತಿ ಸಲವೂ ನನ್ನ ಮನಸ್ಸು ತುಂಬಿ ಬರುತ್ತದೆ. ಒಂದು ಎಚ್ಚರ: ಪಂಪ್‌ಸೆಟ್ ಎಂಬಂಥ ಪದಗಳ ನಡುವೆ ಅರ್ಧಾಕ್ಷರವನ್ನು ಬಿಡಿಸಿಡುವ ಕಣ್ಣಿಗೆ ಕಾಣದ ಅಕ್ಷರವೊಂದು ಇರುತ್ತದೆ, ಹೆಸರಿನೊಳಗೆ ಅದು ತೊಡಕು ತರುತ್ತದೆ. ಒಳಹರಿವು, ಬಳಕೆ, ಮಟ್ಟ, ಮಳೆ ಇಂಥ ಪದಗಳನ್ನೇ ಆರಿಸಿಕೊಳ್ಳಿ.

"ಇದನ್ನು ಕಲಿತರೆ ಕೆಲಸ ಸಿಗುತ್ತದೆಯೇ ಸರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಾರಿಕೆಯ ಉತ್ತರ ಕೊಡಬೇಡಿ. ಕ್ಯಾಂಪಸ್ ಸಂದರ್ಶನಕ್ಕೆ ಬರುವವರು ಜಾವಾ, ಪೈಥಾನ್ ಕೇಳುತ್ತಾರೆ, ಅವನ್ನು ಬಿಡಬಾರದು. ಜೂಲಿಯಾ ಉಪಯೋಗಕ್ಕೆ ಬರುವುದು ಸಂಶೋಧನೆಗೆ ಹೋಗುವವರಿಗೆ, ಭಾರವಾದ ಲೆಕ್ಕ ಮಾಡುವ ಕೆಲಸಗಳಿಗೆ. ಹೆತ್ತವರ ಸಾಲದಲ್ಲಿ ಓದುತ್ತಿರುವ ಮಕ್ಕಳ ಎದುರು ಇದಕ್ಕಿಂತ ಹೆಚ್ಚಿನ ಆಸೆ ಹುಟ್ಟಿಸುವ ಹಕ್ಕು ನಮಗಿಲ್ಲ.

ಕೊನೆಯ ಹತ್ತು ನಿಮಿಷ ಕೊರತೆಗಳಿಗೆ ಮೀಸಲಿರಲಿ. ಎರರ್ ಸಂದೇಶಗಳು ಉದ್ದ. ಕೆಲವು ಪ್ಯಾಕೇಜುಗಳನ್ನು ನೋಡಿಕೊಳ್ಳುವವರು ಒಬ್ಬಿಬ್ಬರೇ. ಪ್ರೋಗ್ರಾಂ ಅನ್ನು ಒಂದೇ ಸಣ್ಣ ಫೈಲಾಗಿ ಇನ್ನೊಬ್ಬರಿಗೆ ಕೊಡುವುದು ಇನ್ನೂ ಸಲೀಸಾಗಿಲ್ಲ. ಇವನ್ನು ನಿಮ್ಮ ಬಾಯಿಂದಲೇ ಕೇಳಿಸಿಕೊಂಡವರು ಮುಂದೆ ಎಡವಿದಾಗ ಮೋಸ ಹೋದೆವೆಂದು ಭಾವಿಸುವುದಿಲ್ಲ.

6. ಸೋಮವಾರ

ಶನಿವಾರ ಹುಟ್ಟಿದ ಆಸಕ್ತಿ ಸೋಮವಾರ ಬೆಳಿಗ್ಗೆ ಮೊದಲ ಎರರ್ ಬರುವವರೆಗೆ ಮಾತ್ರ. ಆ ಹೊತ್ತಿಗೆ ಫೋನ್ ಎತ್ತಲು ನೀವು ಸಿದ್ಧರಿಲ್ಲದಿದ್ದರೆ ಸಭೆಯನ್ನೇ ಕರೆಯಬೇಡಿ. ನಾನು ಮೊದಲ ಎರಡು ವಾರ ಸಂಜೆ ಒಂದು ಗಂಟೆ ಇದಕ್ಕಾಗಿ ಎತ್ತಿಡುತ್ತೇನೆ. ಒಂದೇ ದೋಷ ಮೂವರಿಗೆ ಬಂದರೆ ಅದಕ್ಕೆ ಪರಿಹಾರವನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ಎಲ್ಲರಿಗೂ ಕಳುಹಿಸುತ್ತೇನೆ. ಆ ಅರ್ಧ ಪುಟಗಳು ಈಗ ಒಂದು ಕಡತವಾಗಿವೆ, ನನ್ನ ಯಾವ ಭಾಷಣಕ್ಕಿಂತಲೂ ಅವೇ ಹೆಚ್ಚು ಓಡಾಡಿವೆ.

ಪ್ರತಿ ಯೋಜನೆಯ ಜೊತೆಗೂ ಅದರ ಪ್ಯಾಕೇಜುಗಳ ಪಟ್ಟಿ ಮತ್ತು ನಿಖರ ಆವೃತ್ತಿಗಳನ್ನು ಜೂಲಿಯಾ ತಾನೇ ಎರಡು ಫೈಲುಗಳಲ್ಲಿ ಬರೆದಿಡುತ್ತದೆ: ಪ್ರಾಜೆಕ್ಟ್ ಮತ್ತು ಮ್ಯಾನಿಫೆಸ್ಟ್. ಇವೆರಡನ್ನೂ ಪ್ರೋಗ್ರಾಂ ಜೊತೆಗೇ ಇಡುವ ಅಭ್ಯಾಸವನ್ನು ಮೊದಲ ದಿನದಿಂದ ಮಾಡಿಸಿ. ಎರಡು ವರ್ಷದ ಬಳಿಕ ಬರುವ ವಿದ್ಯಾರ್ಥಿ ಅದೇ ಆವೃತ್ತಿಗಳನ್ನು ಹಾಕಿಕೊಂಡು ಓಡಿಸಬಹುದು.

ಯಾರಾದರೂ ಪೈಥಾನ್‌ಗೆ ಹಿಂತಿರುಗಿದರೆ ಯಾಕೆಂದು ಕೇಳಿ ಬರೆದಿಟ್ಟುಕೊಳ್ಳಿ, ವಾದಿಸಬೇಡಿ.

ಇನ್ನೊಂದು ಮಾತಿನಲ್ಲಿ ನಾನು ಬಹಳ ಗಟ್ಟಿ. ಒಂದು ಕಚೇರಿಯ ದಿನನಿತ್ಯದ ಕೆಲಸಕ್ಕೆ ಜೂಲಿಯಾ ಸೇರಿಸುವುದಿದ್ದರೆ ಅಲ್ಲಿ ಕನಿಷ್ಠ ಇಬ್ಬರಿಗೆ ಅದು ಗೊತ್ತಿರಬೇಕು. ಒಬ್ಬರೇ ಬಲ್ಲವರಾಗಿ, ಅವರು ಬೆಂಗಳೂರಿಗೋ ದುಬೈಗೋ ಹೋದರೆ ಉಳಿದವರ ಕೈಯಲ್ಲಿ ಓದಲಾಗದ ಪ್ರೋಗ್ರಾಂ ಉಳಿಯುತ್ತದೆ, ಜೂಲಿಯಾದ ಹೆಸರೂ ಕೆಡುತ್ತದೆ. ತುಂಬೆಯ ಲೆಕ್ಕ ಮಾಡಿದ ಆ ಅಧ್ಯಾಪಕರಿಗೂ ಇದನ್ನೇ ಹೇಳಿದೆ. ಅವರು ಒಂದು ಸೆಮಿಸ್ಟರ್ ಕಾದರು. ಇಬ್ಬರು ವಿದ್ಯಾರ್ಥಿನಿಯರು ನೀರು ಬಿಡುವ ನಿಯಮದ ಆ ಅರವತ್ತು ಸಾಲನ್ನು ತಾವಾಗಿಯೇ ಓದಿ, ಕೈಗಾರಿಕೆಗಳ ಕಡಿತದ ಸಾಲಿನಲ್ಲಿ ನಾನು ಮಾಡಿದ್ದ ಒಂದು ತಪ್ಪನ್ನು ಹಿಡಿದು ತಿದ್ದಿದ ಮೇಲೆಯೇ ಅದನ್ನು ತಮ್ಮ ಪೈಥಾನ್ ಪ್ರೋಗ್ರಾಂ ಒಳಗೆ ಸೇರಿಸಿಕೊಂಡರು. ಉಳಿದ ಭಾಗವೆಲ್ಲ ಇಂದಿಗೂ ಪೈಥಾನ್‌ನಲ್ಲೇ ಇದೆ.